ಉಂಗುರ ಎಣಿಸಲಾಗದ ಮರ, ಹಲ್ಲು ಹೇಳದ ಮೀನು

ಮಂಡ್ಯದ ಓದುಗರೊಬ್ಬರು ಬರೆಯುತ್ತಾರೆ: ‘ಸವಣೂರಿನ ದೊಡ್ಡ ಹುಣಸೆ ಮರ ನೋಡಿ ಬಂದೆ. ಗ್ರೀನ್‌ಲ್ಯಾಂಡ್ ಶಾರ್ಕ್ 400 ವರ್ಷ ಬದುಕುತ್ತದೆ ಎಂದು ನೀವು ಬರೆದಿದ್ದಿರಿ. ಎರಡರಲ್ಲಿ ಯಾವುದಕ್ಕೆ ಆಯಸ್ಸು ಜಾಸ್ತಿ? ಮರವಾದರೆ ಉಂಗುರ ಎಣಿಸಬಹುದು, ಮೀನಿನ ವಯಸ್ಸು ಹೇಗೆ ತಿಳಿಯಿತು?’

ಸಂಪಾದಕರ ಉತ್ತರ: ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇನೆ. ಸುಮ್ನೆ ‘400’ ಎಂದು ಅಚ್ಚು ಹಾಕಿದ್ದು ಅವಸರ. 2016ರ ಅಧ್ಯಯನದಲ್ಲಿ ಐದು ಮೀಟರ್ ಉದ್ದದ ಹೆಣ್ಣು ಶಾರ್ಕಿಗೆ ಸಿಕ್ಕ ಲೆಕ್ಕ 392 ವರ್ಷ, ಆಚೀಚೆ 120. ಅಂದರೆ 272 ಇರಬಹುದು, 512 ಕೂಡ ಇರಬಹುದು. ನಡುವಿನದನ್ನೇ ಹಿಡಿದರೆ, ನಿಮ್ಮ ಶ್ರೀರಂಗಪಟ್ಟಣದಲ್ಲಿ 1610ರಲ್ಲಿ ರಾಜ ಒಡೆಯರು ದಸರಾ ಶುರು ಮಾಡಿ ಸ್ವಲ್ಪ ಕಾಲಕ್ಕೆ ಹುಟ್ಟಿದ ಮೀನು ಅದು!

ಇನ್ನು ಉಂಗುರದ ಮಾತು. ಕಬ್ಬಿನ ಗೆಣ್ಣು ಎಣಿಸಿದ ಹಾಗೆ ಈ ಮರದ ವಯಸ್ಸು ಎಣಿಸಲು ಆಗುವುದಿಲ್ಲ. ದೊಡ್ಡ ಹುಣಸೆ ಆಫ್ರಿಕಾ ಮೂಲದ ಬಾವೊಬಾಬ್. ಇದರ ಉಂಗುರಗಳು ಮಸುಕು, ನಂಬುವ ಹಾಗಿಲ್ಲ. ಹಳೆಯ ಮರಗಳ ಒಳಗೆ ಪೊಟರೆ ಬೇರೆ. ಸುತ್ತಳತೆ ಹಿಡಿಯೋಣವೆಂದರೆ, ಕಾಂಡ ನೀರು ತುಂಬಿಕೊಂಡಾಗ ಉಬ್ಬುತ್ತದೆ, ಬರ ಬಂದಾಗ ಸೊರಗುತ್ತದೆ. ಎಷ್ಟೋ ಸಲ ನಾಲ್ಕಾರು ಕಾಂಡ ಕೂಡಿಕೊಂಡು ಒಂದೇ ಮರದಂತೆ ಕಾಣುತ್ತವೆ.

ಶಾರ್ಕಿನ ಪಾಡೂ ಅಷ್ಟೇ. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವವರು ನಿಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಶಾರ್ಕಿಗೆ ಹಲ್ಲು ಬೀಳುತ್ತಲೇ ಇರುತ್ತದೆ, ಹುಟ್ಟುತ್ತಲೇ ಇರುತ್ತದೆ. ಬೇರೆ ಕೆಲವು ಶಾರ್ಕ್‌ಗಳ ಬೆನ್ನೆಲುಬಿನಲ್ಲಿ ಬಳೆಯಂಥ ಗುರುತು ಸಿಗುತ್ತದೆ. ಇದರ ಬೆನ್ನೆಲುಬು ತೀರಾ ಮೆತ್ತಗೆ, ಅದೂ ಇಲ್ಲ.

ಕೊನೆಗೆ ಎರಡಕ್ಕೂ ದಾರಿ ತೋರಿಸಿದ್ದು ಒಂದೇ: ಕಾರ್ಬನ್-14. ಇದು ಜೀವಿಗಳ ಮೈಯಲ್ಲಿ ಸೇರುವ ಇಂಗಾಲದ ಒಂದು ಬಗೆ. 5,730 ವರ್ಷಕ್ಕೆ ಅರ್ಧವಾಗುತ್ತದೆ, ಉಳಿದದ್ದು ಎಷ್ಟೆಂದು ನೋಡಿ ವಯಸ್ಸು ಲೆಕ್ಕ ಹಾಕುತ್ತಾರೆ. ಮರದಲ್ಲಿ ಪೊಟರೆ ಗೋಡೆಯಿಂದ ತೆಗೆದ ಚೂರು ಸಾಕು. ಶಾರ್ಕಿನಲ್ಲಿ ಬೇಕಾದದ್ದು ಕಣ್ಣಿನ ಮಸೂರದ ನಡುಭಾಗ. ಅದು ತಾಯಿಯ ಹೊಟ್ಟೆಯಲ್ಲೇ ಆಗಿ, ಆಮೇಲೆ ಬದಲಾಗುವುದಿಲ್ಲ. 1950–60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಹೆಚ್ಚಾದ ಕಾರ್ಬನ್-14 ತೀರಾ ಸಣ್ಣ ಶಾರ್ಕ್‌ಗಳ ಕಣ್ಣಲ್ಲಿ ಮಾತ್ರ ಸಿಕ್ಕಿತು. ದೊಡ್ಡವೆಲ್ಲ ಅದಕ್ಕೂ ಮೊದಲು ಹುಟ್ಟಿದವು ಎಂದು ಗೊತ್ತಾಗಿದ್ದು ಹೀಗೆ.

ಗೆದ್ದದ್ದು ಮರವೇ. ಜಿಂಬಾಬ್ವೆಯ ಪಾಂಕೆ ಎಂಬ ಬಾವೊಬಾಬ್‌ನ ಅತಿ ಹಳೆಯ ಕಾಂಡಕ್ಕೆ ಸುಮಾರು 2,450 ವರ್ಷವಾಗಿತ್ತು. ಆದರೆ ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಶಾರ್ಕೇ ಹಿರಿಯಜ್ಜಿ. ಅಜ್ಜಿ ಎಂದದ್ದು ಸುಮ್ನೆ ಅಲ್ಲ, ಪರೀಕ್ಷಿಸಿದ 28 ಶಾರ್ಕ್‌ಗಳೂ ಹೆಣ್ಣೇ. ಅವು ಮರಿ ಹಾಕುವ ವಯಸ್ಸಿಗೆ ಬರಲು ಸುಮಾರು 150 ವರ್ಷ ಬೇಕು. ಚೂರು ಕೊಟ್ಟ ಮೇಲೂ ಮರ ನಿಂತಿರುತ್ತದೆ, ಅಜ್ಜಿಯ ಕಣ್ಣು ಸಿಗುವುದು ಮಾತ್ರ ಸತ್ತ ಮೇಲೆ.