ಫ್ಲ್ಯಾಟ್ ಪತಿಯ ಹೆಸರಿನಲ್ಲಿ, ಅರ್ಧ ಪಾಲಿನ ಮಾತು ಛಾಪಾ ಕಾಗದದಲ್ಲಿ: ಇಷ್ಟು ಸಾಕೇ?

ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳುತ್ತಿದ್ದೀರಿ, ಮುಂಗಡಕ್ಕೆ ನಿಮ್ಮ ತಂದೆಯವರು 15 ಲಕ್ಷ ರೂಪಾಯಿ ಕೊಡುತ್ತಿದ್ದಾರೆ, ಗೃಹಸಾಲಕ್ಕೆ ಇಬ್ಬರೂ ಸಹಿ ಹಾಕುತ್ತೀರಿ, ಕ್ರಯಪತ್ರ ಮಾತ್ರ ಪತಿಯೊಬ್ಬರ ಹೆಸರಿಗೆ ಆಗಲಿದೆ. ಅರ್ಧ ನಿಮ್ಮದೆಂದು ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿಕೊಡುವುದಾಗಿ ಅವರು ಹೇಳಿದ್ದಾರೆ. ಅದೇ ಕರಡಿನಲ್ಲಿ, ಮುಂದೆ ಬೇರೆಯಾದರೆ ನೀವು ಜೀವನಾಂಶ ಕೇಳುವಂತಿಲ್ಲ ಎಂಬ ಷರತ್ತೂ ಇದೆ.

ಆಸ್ತಿ ಪತ್ರಗಳ ಕೆಲಸವನ್ನೇ ಹೆಚ್ಚಾಗಿ ಮಾಡುವ ವಕೀಲನಾಗಿ ನೇರವಾಗಿ ಹೇಳುತ್ತೇನೆ: ಆ ಕಾಗದದಿಂದ ನಿಮಗೆ ಫ್ಲ್ಯಾಟಿನಲ್ಲಿ ಪಾಲು ಬರುವುದಿಲ್ಲ. 1908ರ ನೋಂದಣಿ ಕಾಯ್ದೆಯ 17 ಮತ್ತು 49ನೇ ಕಲಮುಗಳ ಪ್ರಕಾರ, ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯಲ್ಲಿ ಹಕ್ಕು ಕೊಡುವ ಪತ್ರ ನೋಂದಣಿಯಾಗದಿದ್ದರೆ ಅದು ಆ ಆಸ್ತಿಯ ಮೇಲೆ ಯಾವ ಪರಿಣಾಮವನ್ನೂ ಬೀರುವುದಿಲ್ಲ. ನೋಟರಿಯವರು ದೃಢೀಕರಿಸುವುದು ಸಹಿಯನ್ನೇ ಹೊರತು ಹಕ್ಕನ್ನಲ್ಲ. (ಆ ಮುದ್ರೆಯ ಮೇಲೆ ನಮ್ಮ ಜನ ಇಟ್ಟಿರುವ ಭರವಸೆ ಅದಕ್ಕಿರುವ ಬಲಕ್ಕಿಂತ ಬಹಳ ದೊಡ್ಡದು.) ನಾಳೆ ವ್ಯಾಜ್ಯವಾದರೆ, ಹಣ ಕೊಟ್ಟದ್ದಕ್ಕೆ ಅದೊಂದು ಪೂರಕ ಸಾಕ್ಷ್ಯವಾದೀತು, ಅಷ್ಟೇ.

ಹೆಚ್ಚು ಚಿಂತಿಸಬೇಕಾದದ್ದು ಸಾಲದ ವಿಷಯ. ಸಹ-ಸಾಲಗಾರರಾಗಿ ಸಹಿ ಹಾಕಿದ ಮೇಲೆ ಕಂತು ತಪ್ಪಿದರೆ ಬ್ಯಾಂಕು ಪೂರ್ತಿ ಬಾಕಿಯನ್ನು ನಿಮ್ಮಿಂದಲೇ ಕೇಳಬಹುದು; ಮಾಲೀಕರಲ್ಲದ ಕಾರಣ, ಹಳೆಯ ತೆರಿಗೆ ಪದ್ಧತಿಯಲ್ಲಿ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ಸಿಗುವ ವಿನಾಯಿತಿ ಮಾತ್ರ ನಿಮಗೆ ಸಿಗುವುದಿಲ್ಲ. ಹೊಣೆ ಪೂರ್ತಿ, ಹಕ್ಕು ಶೂನ್ಯ ಎನ್ನುವ ಈ ಸ್ಥಿತಿಗೆ ಯಾವ ದಂಪತಿಯೂ ಒಪ್ಪಬಾರದೆಂಬುದು ನನ್ನ ಅಭಿಪ್ರಾಯ.

ಆದ್ದರಿಂದ ನಿಮ್ಮಿಬ್ಬರ ಒಪ್ಪಂದ ಇರಬೇಕಾದ ಜಾಗ ಕ್ರಯಪತ್ರವೇ. ಖರೀದಿದಾರರೆಂದು ಇಬ್ಬರ ಹೆಸರೂ ಬರಲಿ, ಅರ್ಧರ್ಧವೋ, ಶೇ. 60 ಮತ್ತು 40 ಎಂದೋ, ಪಾಲಿನ ಪ್ರಮಾಣವನ್ನು ಸ್ಪಷ್ಟವಾಗಿ ಬರೆಸಿ. ಕ್ರಯದ ಮೊತ್ತ ಸಂದಾಯವಾದ ಬಗೆಯನ್ನು ವಿವರಿಸುವ ಭಾಗದಲ್ಲಿ, ಯಾರ ಖಾತೆಯಿಂದ, ಯಾವ ದಿನಾಂಕದಂದು, ಯಾವ ಚೆಕ್ ಅಥವಾ ಆರ್‌ಟಿಜಿಎಸ್ ಸಂಖ್ಯೆಯಲ್ಲಿ ಎಷ್ಟು ಹೋಯಿತು ಎಂಬುದನ್ನು ಬೇರೆ ಬೇರೆಯಾಗಿ ಕಾಣಿಸಿ. ಪ್ರಮಾಣ ಬರೆಯದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 45ನೇ ಕಲಮಿನಂತೆ ಅವರವರು ಹಾಕಿದ ಹಣಕ್ಕೆ ತಕ್ಕ ಪಾಲು, ಅದಕ್ಕೆ ಸಾಕ್ಷ್ಯವಿಲ್ಲದಿದ್ದರೆ ಸಮಪಾಲು ಎಂದು ಭಾವಿಸಲಾಗುತ್ತದೆ.

ತಂದೆಯವರ ಹಣ ನೇರವಾಗಿ ಬಿಲ್ಡರ್‌ಗೆ ಹೋಗದಿರಲಿ. ಹಾಗೆ ಹೋದರೆ ಅದು ಅಳಿಯನಿಗೆ ಕೊಟ್ಟದ್ದೆಂದು ವಾದಿಸಲು ಎಡೆಯಾಗುತ್ತದೆ. ಮೊದಲು ನಿಮ್ಮ ಒಬ್ಬರದೇ ಖಾತೆಗೆ ಬರಲಿ, ಮಗಳಿಗೆ ಕೊಟ್ಟ ಹಣವೆಂದು ಅವರಿಂದ ಒಂದು ಪುಟದ ಪತ್ರ ಪಡೆಯಿರಿ, ಆಮೇಲೆ ಅಲ್ಲಿಂದ ಪಾವತಿಸಿ. ತಂದೆಯಿಂದ ಬಂದ ಉಡುಗೊರೆಗೆ ಮಗಳು ಆದಾಯ ತೆರಿಗೆ ಕಟ್ಟಬೇಕಾಗಿಲ್ಲ.

ಜೀವನಾಂಶದ ಷರತ್ತನ್ನು ಹೊಡೆದುಹಾಕಿ. ಕಾನೂನು ಕೊಟ್ಟ ಜೀವನಾಂಶದ ಹಕ್ಕನ್ನು ಹೀಗೆ ಮುಂಚಿತವಾಗಿ ಬರೆದುಕೊಟ್ಟು ಕಳೆಯಲಾಗದು. 1872ರ ಕರಾರು ಕಾಯ್ದೆಯ 23ನೇ ಕಲಮಿನಡಿ ಸಾರ್ವಜನಿಕ ನೀತಿಗೆ ವಿರುದ್ಧವೆಂದು ನ್ಯಾಯಾಲಯಗಳು ಇಂಥವನ್ನು ತಳ್ಳಿಹಾಕಿವೆ. ಮದುವೆಗೆ ಮುಂಚೆಯೇ ಆಸ್ತಿಯ ಕರಾರು ಮಾಡಿಕೊಳ್ಳುವ ಅವಕಾಶ ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆಯಿಂದ ಉಳಿದುಬಂದಿದೆ. ಕರ್ನಾಟಕದಲ್ಲಿ ಅಂಥ ವ್ಯವಸ್ಥೆ ಇಲ್ಲ.

ಕ್ರಯಪತ್ರದ ಕರಡನ್ನು ರಾಜ್ಯದ ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಕಾವೇರಿ ತಂತ್ರಾಂಶಕ್ಕೆ ಏರಿಸಿ ಉಪನೋಂದಣಾಧಿಕಾರಿಗಳ ಪರಿಶೀಲನೆಗೆ ಕಳುಹಿಸುವ ಮುನ್ನವೇ ಈ ತಿದ್ದುಪಡಿಗಳು ಆಗಬೇಕು. ಬಿಲ್ಡರ್ ಜೊತೆಗಿನ ಕ್ರಯದ ಕರಾರಿನಲ್ಲಿ ಪತಿಯ ಹೆಸರಷ್ಟೇ ಇದ್ದರೆ ಅದನ್ನೂ ಈಗಲೇ ಸರಿಪಡಿಸಿಕೊಳ್ಳಿ. ಒಂದು ವೇಳೆ ನೋಂದಣಿ ಮುಗಿದೇ ಹೋಗಿದ್ದರೆ, ಪತಿಯು ನಿಮ್ಮ ಪಾಲಿನಷ್ಟಕ್ಕೆ ನೋಂದಾಯಿತ ದಾನಪತ್ರ ಮಾಡಿಕೊಡಬಹುದು, ಆದರೆ ಫ್ಲ್ಯಾಟ್ ಅಡಮಾನದಲ್ಲಿರುವುದರಿಂದ ಬ್ಯಾಂಕಿನ ಲಿಖಿತ ಒಪ್ಪಿಗೆಯನ್ನು ಮೊದಲು ಪಡೆಯಬೇಕಾಗುತ್ತದೆ.