ಒಬ್ಬಳೇ ಹೋಗಬಹುದಾ ಅಂತ ಕೇಳಿದ್ದೀಯಲ್ಲ

ತಂಗೀ,

ನೀನು ಬರೆದದ್ದನ್ನು ಕೊಡಗಿನ ಮಾದಾಪುರದ ನಮ್ಮ ಮನೆ ಜಗಲಿಯಲ್ಲಿ ಕೂತು ಓದಿದೆ. ಒಂದು ತಿಂಗಳ ರಜೆಗೆ ಬಂದಿದ್ದೇನೆ. ಎರಡು ದಿನದಿಂದ ಕರೆಂಟಿಲ್ಲ, ಮಳೆ ಬಿಟ್ಟಿಲ್ಲ, ಅಮ್ಮ ಒಲೆ ಮುಂದಿನಿಂದ ಎದ್ದಿಲ್ಲ. ಫೋನಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಬರೆಯುತ್ತೇನೆ, ಉಳಿದದ್ದು ನಾಳೆ.

ಸೆಪ್ಟೆಂಬರಿಗೆ ಓದಲು ಸ್ಕಾಟ್‌ಲೆಂಡಿನ ಗ್ಲಾಸ್ಗೋಗೆ ಹೊರಟಿದ್ದೀಯ. ಬಾಡಿಗೆ, ಚಳಿ, ಸೋನಾ ಮಸೂರಿ ಎಲ್ಲಿ ಸಿಗುತ್ತೆ ಅನ್ನುವುದನ್ನೆಲ್ಲ ಬೇರೆಯವರು ಹೇಳಿದ್ದಾರೆ. ನೀನು ನನ್ನನ್ನು ಕೇಳಿರುವುದು ಬೇರೆ. "ಅಕ್ಕಾ, ವಿರಾಜಪೇಟೆಯಲ್ಲಿ ಕೂತು ಇಯರ್‌ಫೋನಿನಲ್ಲಿ ಕೇಳುತ್ತಿದ್ದ ಬ್ಯಾಂಡುಗಳಲ್ಲಿ ಅರ್ಧಕ್ಕರ್ಧ ಆ ಊರಿನವೇ. ಅವರನ್ನು ಎದುರಿಗೆ ನೋಡಬೇಕು. ಜೊತೆಗೆ ಬರುವವರು ಯಾರೂ ಇಲ್ಲ. ಹುಡುಗಿ ಒಬ್ಬಳೇ ರಾತ್ರಿ ಹೋಗಬಹುದಾ? ಎಷ್ಟಾಗುತ್ತೆ? ಅವರ ಮಧ್ಯೆ ನಾನೊಬ್ಬಳೇ ಎದ್ದು ಕಾಣುವುದಿಲ್ವಾ?"

ಹೋಗಬಹುದು. ಹೋಗು. ಬಂದ ಮೊದಲ ತಿಂಗಳೇ ಹೋಗು. ಜೊತೆಗೆ ಯಾರಾದರೂ ಸಿಗಲಿ ಅಂತ ನಾನು ಒಂದೂವರೆ ವರ್ಷ ಕಾದೆ. 2011ರಲ್ಲಿ ಬಂದವಳು ಮೊದಲ ಸಲ ಬ್ಯಾಂಡ್ ನೋಡಿದ್ದು 2013ರ ಫೆಬ್ರವರಿಯಲ್ಲಿ. ಆ ಒಂದೂವರೆ ವರ್ಷ ಕೆಲಸ ಮುಗಿಸಿ ನೇರ ರೂಮಿಗೆ ಬಂದು, ಹೀಟರಿಗೆ ಬೆನ್ನು ಕೊಟ್ಟು, ಮೂರು ಬೀದಿ ಆಚೆ ನುಡಿಸುತ್ತಿದ್ದವರ ಹಾಡನ್ನೇ ಫೋನಿನಲ್ಲಿ ಕೇಳುತ್ತಿದ್ದೆ. ಈಗ ನೆನೆದರೂ ಹೊಟ್ಟೆ ಉರಿಯುತ್ತೆ.

ಆ ಫೆಬ್ರವರಿಯ ರಾತ್ರಿ ಹೋದದ್ದು ಸೇಂಟ್ ವಿನ್ಸೆಂಟ್ ಸ್ಟ್ರೀಟಿನ ಕಿಂಗ್ ಟಟ್ಸ್‌ಗೆ. ನೀನು ಹೆಸರು ಕೇಳಿರುತ್ತೀಯ. 1990ರಲ್ಲಿ ಶುರುವಾದದ್ದು, ಒಳಗೆ 300 ಜನಕ್ಕೆ ಜಾಗ. 1993ರ ಮೇ ತಿಂಗಳಲ್ಲಿ ಓಯಸಿಸ್ ಎಂಬ, ಆಗ ಯಾರಿಗೂ ಗೊತ್ತಿಲ್ಲದ ಮ್ಯಾಂಚೆಸ್ಟರಿನ ಬ್ಯಾಂಡನ್ನು ರೆಕಾರ್ಡ್ ಕಂಪನಿಯ ಅಲನ್ ಮೆಗೀ ಕಂಡದ್ದು ಅಲ್ಲಿಯೇ. ಕೆಳಗೆ ಬಾರು, ಮೇಲೆ ಹಾಡುವ ಕೋಣೆ. ಹತ್ತುವ ಮೆಟ್ಟಿಲುಗಳ ಮೇಲೆ ಒಂದೊಂದು ವರ್ಷ ಬಂದುಹೋದ ಬ್ಯಾಂಡುಗಳ ಹೆಸರು ಬರೆದಿದ್ದಾರೆ. ನಾನು ಅದನ್ನು ಓದುತ್ತಾ ನಿಂತು ಹಿಂದಿನವರಿಗೆ ದಾರಿ ಕಟ್ಟಿದೆ. ಯಾರೂ ಗದರಲಿಲ್ಲ.

ಟಿಕೆಟಿನಲ್ಲಿ ಬಾಗಿಲು ಏಳೂವರೆಗೆ ಅಂತಿತ್ತು. ನಮ್ಮೂರ ಅಭ್ಯಾಸದಂತೆ ಏಳಕ್ಕೇ ಹೋಗಿ ನಿಂತೆ. ಬಾಗಿಲು ಏಳೂವರೆಗೆ ಅಂದರೆ ಒಳಗೆ ಬಿಡುವುದು ಆಗ; ಮುಖ್ಯ ಬ್ಯಾಂಡ್ ಬರುವಾಗ ಒಂಬತ್ತಾಗುತ್ತೆ. ನಡುವೆ ಒಂದೋ ಎರಡೋ ಚಿಕ್ಕ ಬ್ಯಾಂಡುಗಳು ನುಡಿಸುತ್ತವೆ. ಹೆಚ್ಚಿನವರು ಆ ಹೊತ್ತಿಗೆ ಕೆಳಗೆ ಕುಡಿಯುತ್ತಾ ಇರುತ್ತಾರೆ. ಅವತ್ತು ಮೊದಲ ಬ್ಯಾಂಡಿನ ಎದುರಿಗೆ ನಾವು ಇದ್ದದ್ದು ಹನ್ನೊಂದು ಜನ. ಎಣಿಸಿದ್ದೆ. ಬ್ಯಾಂಡಿನಲ್ಲಿ ಮೂರು ಹುಡುಗಿಯರು, ಒಬ್ಬ ಹುಡುಗ. ಎರಡನೇ ಹಾಡಿನಲ್ಲಿ ಗಿಟಾರಿನ ತಂತಿ ಕಿತ್ತುಹೋಯಿತು. ಗಿಟಾರಿನ ಹುಡುಗಿ ವೇದಿಕೆಯ ಅಂಚಿಗೆ ಕೂತು, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹೊಸ ತಂತಿ ಹಾಕಿ ಬಿಗಿಯುತ್ತಾ ಹೋದಳು. ಅಷ್ಟು ಹೊತ್ತೂ ಡ್ರಮ್ಮಿನವನು ತಾಳ ಬಿಡಲಿಲ್ಲ. ಬರೀ ತಾಳ, ನಾಲ್ಕು ನಿಮಿಷ. ಅವಳು ಎದ್ದು ಸರಿಯಾಗಿ ಬಿಟ್ಟ ಜಾಗದಿಂದಲೇ ಹಾಡು ಎತ್ತಿಕೊಂಡಳು. ನಾವು ಹನ್ನೊಂದು ಜನ ಕೂಗಿದ್ದು ಮುನ್ನೂರು ಜನ ಕೂಗಿದಂತಿತ್ತು.

ಇಯರ್‌ಫೋನಿನಲ್ಲಿ ಇದು ಯಾವುದೂ ಬರುವುದಿಲ್ಲ ತಂಗೀ. ಬೇಸ್ ಗಿಟಾರಿನ ಸದ್ದು ಕಿವಿಗೆ ಬರುವ ಮೊದಲು ಎದೆಗೂಡಿಗೆ ಬರುತ್ತೆ, ಅಂಗಾಲಿಗೆ ಬರುತ್ತೆ. ನಿನಗೆ ಇದು ತೀರಾ ಹೊಸದೂ ಅಲ್ಲ. ಕೊಡವರ ಮದುವೆಯಲ್ಲಿ ವಾಲಗ ಏರಿದಾಗ ಕುರ್ಚಿ ಬಿಟ್ಟು ಏಳದವರು ಯಾರಿದ್ದಾರೆ? ನಾಲ್ಕು ಜನ ದುಡಿ ಹಿಡಿದು ಬಾಳೋಪಾಟ್ ಹಾಡುವಾಗ ಅವರ ಪಕ್ಕಕ್ಕೇ ನಿಂತು ಕೇಳಿರುತ್ತೀಯ. ಹಾಡುವವರಿಗೂ ಕೇಳುವವರಿಗೂ ನಡುವೆ ಒಂದು ಮೊಳ ಜಾಗ. ಅಲ್ಲಿಯೂ ಅಷ್ಟೇ ದೂರ. ಅದಕ್ಕೇ ಹೇಳುವುದು, ಮೊದಲು ಸಣ್ಣ ಕೋಣೆಗಳಿಗೆ ಹೋಗು. ನದಿ ದಡದಲ್ಲಿ 2013ರಲ್ಲಿ ತೆರೆದ ಹೈಡ್ರೋ ಇದೆ, ಸಾವಿರಾರು ಜನ ಹಿಡಿಸುವಂಥದ್ದು. ಅಲ್ಲಿ ನೀನು ನೋಡುವುದು ಪರದೆಯನ್ನು.

ಅವತ್ತು ಎಲ್ಲ ಮುಗಿದ ಮೇಲೆ ಅದೇ ಗಿಟಾರಿನ ಹುಡುಗಿ ಬಾಗಿಲ ಹತ್ತಿರ ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಟೀಶರ್ಟು, ರೆಕಾರ್ಡು ಮಾರುತ್ತಾ ನಿಂತಿದ್ದಳು. ಬೆರಳ ತುದಿಯಲ್ಲಿ ತಂತಿ ಕೊಯ್ದ ಗಾಯ, ಮೇಲೆ ಪ್ಲಾಸ್ಟರು. ನನ್ನ ಹತ್ತಿರ ರೆಕಾರ್ಡ್ ಪ್ಲೇಯರ್ ಇರಲಿಲ್ಲ, ಆದರೂ ಏಳು ಇಂಚಿನದೊಂದು ಕೊಂಡೆ. ಯಾವ ಊರು ಅಂತ ಕೇಳಿದಳು. ಕೊಡಗು, ಕಾಫಿ ಬೆಳೆಯುವ ಬೆಟ್ಟ ಅಂದೆ. ಆಮೇಲೆ ಎಲ್ಲಿ ಕಂಡರೂ "ಕಾಫಿ!" ಅಂತ ಕೈಯೆತ್ತುತ್ತಿದ್ದಳು. ಗ್ಲಾಸ್ಗೋದಲ್ಲಿ ಆಫೀಸಿನ ಹೊರಗೆ ನನ್ನನ್ನು ಗುರುತು ಹಿಡಿದ ಮೊದಲ ಮನುಷ್ಯಳು ಅವಳು.

ಖರ್ಚು ಕೇಳಿದ್ದೀಯ. ಸಣ್ಣ ಜಾಗಗಳಲ್ಲಿ ನಾನು ಕೊಟ್ಟದ್ದು ಹೆಚ್ಚಾಗಿ ಹತ್ತರಿಂದ ಇಪ್ಪತ್ತು ಪೌಂಡ್. ವಿದ್ಯಾರ್ಥಿ ವೀಸಾದಲ್ಲಿ ಓದಿನ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವ ಹಾಗಿಲ್ಲ, ಹಾಗಾಗಿ ತಿಂಗಳಿಗೆ ಒಂದೋ ಎರಡೋ. ಕುಡಿಯಲೇಬೇಕು ಅಂತ ಯಾರೂ ಕೇಳುವುದಿಲ್ಲ. ಕೊಳಾಯಿ ನೀರು ಕೇಳಿದರೆ ಪುಕ್ಕಟೆ ಕೊಡಬೇಕು, ಸ್ಕಾಟ್‌ಲೆಂಡಿನ ಲೈಸೆನ್ಸಿನ ನಿಯಮವೇ ಹಾಗಿದೆ. ಇಪ್ಪತ್ತೈದಕ್ಕಿಂತ ಚಿಕ್ಕವಳ ಹಾಗೆ ಕಂಡರೆ ಬಾರಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ, ಬೇಜಾರು ಮಾಡಿಕೊಳ್ಳಬೇಡ.

ಟಿಕೆಟನ್ನು ಮಾತ್ರ ಆ ಜಾಗದವರ ಪುಟದಿಂದ, ಇಲ್ಲವೇ ಬ್ಯಾಂಡಿನವರೇ ಕೊಟ್ಟ ಲಿಂಕಿನಿಂದ ತೆಗೆದುಕೊ. ನಾನೊಮ್ಮೆ ಬ್ಯಾರೋಲ್ಯಾಂಡ್ ಎಂಬ ಹಾಲಿನ ಶೋ ಒಂದಕ್ಕೆ ಟಿಕೆಟ್ ಮುಗಿದಿದೆ ಅಂತ ಮರುಮಾರಾಟದ ಕಡೆ ಎರಡೂವರೆ ಪಟ್ಟು ಕೊಟ್ಟು ಕೊಂಡೆ. ಒಂದೇ ಟಿಕೆಟನ್ನು ಇಬ್ಬರಿಗೆ ಮಾರಿದ್ದರು, ಇನ್ನೊಬ್ಬರು ನನಗಿಂತ ಮೊದಲೇ ಒಳಗೆ ಹೋಗಿದ್ದರು. ನಿಯಾನ್ ಬೋರ್ಡಿನ ಕೆಳಗೆ ಮಳೆಯಲ್ಲಿ ನಿಂತು ಒಳಗಿನ ಸದ್ದನ್ನು ಹೊರಗಿನಿಂದ ಕೇಳಿ ವಾಪಸ್ ಬಂದೆ. ದುಡ್ಡು ಬರಲಿಲ್ಲ.

ಬ್ಯಾರೋಲ್ಯಾಂಡಿಗೆ ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. 1934ರಲ್ಲಿ ಕಟ್ಟಿದ ಡ್ಯಾನ್ಸ್ ಹಾಲು, 1958ರಲ್ಲಿ ಸುಟ್ಟು, 1960ರಲ್ಲಿ ಮತ್ತೆ ಎದ್ದದ್ದು. ಕುಣಿಯುವವರಿಗೆಂದೇ ಹಾಕಿದ, ತುಳಿದರೆ ಬಾಗಿ ಮೇಲೇಳುವ ಮರದ ನೆಲ. ಎರಡು ಸಾವಿರದ ಹತ್ತಿರ ಜನ ಒಟ್ಟಿಗೆ ಹಾರಿದಾಗ ನೀನು ಹಾರದಿದ್ದರೂ ನೆಲವೇ ನಿನ್ನನ್ನು ಎತ್ತುತ್ತೆ. ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಹತ್ತು ಮಕ್ಕಳು ಓಡಿದಾಗ ಹಲಗೆ ಹೀಗೇ ಕುಲುಕುತ್ತಿತ್ತು. ಒಂದು ಸಲ ಹೋಗಿ ಬಾ, ನಾನು ಹೇಳುತ್ತಿರುವುದು ಕಾಲಿಗೇ ಗೊತ್ತಾಗುತ್ತೆ.

ಕಿವಿಗೆ ಇಯರ್‌ಪ್ಲಗ್ ಹಾಕಿಕೋ. ಇದು ತಮಾಷೆಯಲ್ಲ. ಸ್ಪೀಕರಿನ ಪಕ್ಕ ನಿಂತು ಎರಡು ದಿನ ಕಿವಿಯಲ್ಲಿ ಜೀರುಂಡೆ ಕೂಗಿದ್ದನ್ನು ಅನುಭವಿಸಿದ್ದೇನೆ. ಪ್ಲಗ್ ಹಾಕಿದರೆ ಹಾಡು ಕೆಡುವುದಿಲ್ಲ, ಮಾತುಗಳು ಇನ್ನೂ ಬಿಡಿಸಿ ಕೇಳುತ್ತವೆ. ಹೊರಡುವ ಮೊದಲೇ ಕೊನೆಯ ಬಸ್ಸು ಎಷ್ಟು ಗಂಟೆಗೆ ನೋಡಿಟ್ಟುಕೊ. ಸಬ್‌ವೇ 1896ರದ್ದು, ಬರೀ ಹದಿನೈದು ಸ್ಟೇಷನ್, ಊರನ್ನು ಸುತ್ತು ಹಾಕುತ್ತೆ, ಚೆಂದ. ಆದರೆ ನಡುರಾತ್ರಿವರೆಗೆ ನಂಬಬೇಡ. ದಪ್ಪ ಜಾಕೆಟನ್ನು ಕೋಟ್ ಇಡುವ ಕೌಂಟರಿನಲ್ಲಿ ಕೊಟ್ಟುಬಿಡು, ಒಳಗೆ ಬೇಯುತ್ತೆ.

ರಾತ್ರಿ ಹೊತ್ತಿನ ಭಯದ ಬಗ್ಗೆ ಸುಳ್ಳು ಹೇಳುವುದಿಲ್ಲ. ಶುಕ್ರವಾರ ಹನ್ನೊಂದರ ಮೇಲೆ ಸೌಕಿಹಾಲ್ ಸ್ಟ್ರೀಟಿನಲ್ಲಿ ಕುಡಿದವರು ತೂರಾಡುತ್ತಿರುತ್ತಾರೆ, ಬೆಳಕಿರುವ ಬದಿಯಲ್ಲಿ ನಡೆ. ಬಣ್ಣ ನೋಡಿ ಬೀದಿಯಲ್ಲಿ ನನಗೆ ಕೆಟ್ಟ ಮಾತು ಅಂದವರೂ ಇದ್ದಾರೆ, ಎರಡು ಸಲ. ಹಾಡಿನ ಕೋಣೆಯೊಳಗೆ ಒಮ್ಮೆಯೂ ಇಲ್ಲ. ಎದ್ದು ಕಾಣುವುದು ನಿಜ, ಎಷ್ಟೋ ರಾತ್ರಿ ನಾನೊಬ್ಬಳೇ ಕಂದು ಬಣ್ಣದವಳು. ದೀಪ ಆರಿದ ಮೇಲೆ ಎಲ್ಲರೂ ಒಂದೇ ಕಡೆ ನೋಡುತ್ತಿರುತ್ತಾರೆ.

ಇನ್ನೊಂದು ಹೇಳಬೇಕು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

2018 ನಿನಗೂ ನೆನಪಿರುತ್ತೆ. ಆ ಜೂನ್ 15ರ ರಾತ್ರಿ ಗ್ಲಾಸ್ಗೋ ಆರ್ಟ್ ಸ್ಕೂಲಿಗೆ ಬೆಂಕಿ ಬಿದ್ದು, ಪಕ್ಕದ ಎಬಿಸಿ ಎಂಬ ಹಾಡಿನ ಹಾಲೂ ಸುಟ್ಟುಹೋಯಿತು. ನಾನು ತುಂಬಾ ಪ್ರೀತಿಸುತ್ತಿದ್ದ ಜಾಗ. ಅದೇ ದೊಡ್ಡ ದುಃಖ ಅಂದುಕೊಂಡಿದ್ದೆ. ಎರಡು ತಿಂಗಳಿಗೆ ಇಲ್ಲಿ ಗುಡ್ಡ ಜಾರಿತು. ಆಗಸ್ಟ್ 17, ಶುಕ್ರವಾರ. ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಅಂತ ಹೆಸರುಗಳು ಬರುತ್ತಿವೆ, ಮನೆಗೆ ಫೋನ್ ಹೋಗುತ್ತಿಲ್ಲ. ಅಪ್ಪ, ಅಮ್ಮ ಎಲ್ಲಿದ್ದಾರೆ ಗೊತ್ತಿಲ್ಲ. ಆ ರಾತ್ರಿಗೆ ಒಂದು ನೆಲಮಾಳಿಗೆಯ ಶೋಗೆ ಮೊದಲೇ ಟಿಕೆಟ್ ತೆಗೆದಿದ್ದೆ. ರೂಮಿನಲ್ಲಿ ಗೋಡೆ ನೋಡುತ್ತಾ ಕೂರಲಾರದೆ ಹೋದೆ. ಫೋನನ್ನು ಕೈಯಲ್ಲೇ ಹಿಡಿದು ಹಿಂದಿನ ಗೋಡೆಗೆ ಒರಗಿ ನಿಂತೆ.

ಮಾತಿಲ್ಲದ ಸಂಗೀತದ ಬ್ಯಾಂಡ್ ಅದು. ಎರಡು ಗಿಟಾರು ಮೆಲ್ಲಗೆ ಶುರುವಾಗಿ, ಹತ್ತು ನಿಮಿಷ ಏರಿ ಏರಿ, ಕೊನೆಗೆ ಕೋಣೆಯೇ ಸದ್ದಾಗುವಂಥದ್ದು. ಅಷ್ಟು ಸದ್ದಿನಲ್ಲಿ ಗಟ್ಟಿಯಾಗಿ ಅತ್ತರೂ ಯಾರಿಗೂ ಕೇಳುವುದಿಲ್ಲ. ನಾನು ಅತ್ತೆ. ಪಕ್ಕದಲ್ಲಿ ನರೆಗೂದಲಿನ ಒಬ್ಬರು ಹೆಂಗಸು ಇದ್ದರು, ನಮ್ಮಮ್ಮನಿಗಿಂತ ಸ್ವಲ್ಪ ಚಿಕ್ಕವರು. ಹಾಡು ನಿಂತಾಗ "ಯೂ ಓಕೆ, ಹೆನ್?" ಅಂದರು. ಹೆನ್ ಅಂದರೆ ಕೋಳಿ. ಆ ಊರಿನಲ್ಲಿ ಹೆಂಗಸರನ್ನು ಹಾಗೆ ಕರೆಯುವುದು ನಾವು ಮಗಳೇ ಅಂದ ಹಾಗೆ. ಹೇಳಿದೆ. ಅವರಿಗೆ ಕೊಡಗು ಎಲ್ಲಿದೆ ಗೊತ್ತಿಲ್ಲ. ನನ್ನ ಫೋನನ್ನು ತಾವು ಇಸಕೊಂಡು, ಅದರ ಮೇಲೆ ಕಣ್ಣಿಟ್ಟು, "ನೀನು ನೋಡು, ಬಂದರೆ ನಾನು ಹೇಳ್ತೀನಿ" ಅಂತ ಕೊನೆವರೆಗೂ ನನ್ನ ಪಕ್ಕ ನಿಂತರು. ಮರುದಿನ ಮಧ್ಯಾಹ್ನ ಅಪ್ಪನ ಫೋನ್ ಬಂತು. ಇಬ್ಬರೂ ಪರಿಹಾರ ಕೇಂದ್ರದಲ್ಲಿದ್ದರು. ತೋಟದ ಮೇಲಿನ ಭಾಗ ಹೋಗಿತ್ತು, ಮನೆ ಉಳಿದಿತ್ತು. ಆ ಹೆಂಗಸನ್ನು ಹುಡುಕಿ ಹೇಳಬೇಕು ಅಂತ ಅದೇ ನೆಲಮಾಳಿಗೆಗೆ ಮೂರು ಸಲ ಹೋದೆ. ಮೂರನೇ ಸಲ ಸಿಕ್ಕಿದರು. ಈಗ ವರ್ಷಕ್ಕೆ ನಾಲ್ಕೈದು ಶೋಗೆ ಒಟ್ಟಿಗೆ ಹೋಗುತ್ತೇವೆ.

ಇಂಥ ಜಾಗಗಳು ಮುಚ್ಚುತ್ತಿವೆ. 2023 ಒಂದೇ ವರ್ಷದಲ್ಲಿ ಬ್ರಿಟನ್ನಿನಲ್ಲಿ ಇಂಥ 125 ಸಣ್ಣ ಜಾಗಗಳು ಹೋದವು ಅಂತ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಲೆಕ್ಕ ಕೊಟ್ಟಿತ್ತು. ಬಾಡಿಗೆ, ಕರೆಂಟು ಬಿಲ್ಲು, ಪಕ್ಕದಲ್ಲಿ ಹೊಸ ಮನೆ ಕಟ್ಟಿಕೊಂಡವರ ಗದ್ದಲದ ದೂರು. ಅದಕ್ಕೇ ಮೊದಲ ಬ್ಯಾಂಡಿನ ಹೊತ್ತಿಗೇ ಒಳಗೆ ಇರು, ಕೈಲಾದರೆ ಅವರ ಪೆಟ್ಟಿಗೆಯಿಂದ ಏನಾದರೂ ಕೊಳ್ಳು. ಆನ್‌ಲೈನಿನಲ್ಲಿ ಸಾವಿರ ಸಲ ಕೇಳಿದ್ದಕ್ಕಿಂತ ನಿನ್ನ ಒಂದು ಟೀಶರ್ಟಿನ ದುಡ್ಡು ಅವರ ವ್ಯಾನಿಗೆ ಡೀಸೆಲ್ ಹಾಕುತ್ತೆ.

ಬ್ಯಾಟರಿ ಕೆಂಪಾಯಿತು. ಆಗಸ್ಟ್ ಕೊನೆಗೆ ನಾನು ಗ್ಲಾಸ್ಗೋಗೆ ವಾಪಸ್. ನೀನು ಬಂದ ವಾರವೇ ಕಿಂಗ್ಸ್ ಕೋರ್ಟಿನ ಮೊನೊರೈಲ್ ರೆಕಾರ್ಡ್ ಅಂಗಡಿಯಲ್ಲಿ ಸಿಗೋಣ, ಅಲ್ಲಿಯ ಗೋಡೆಯ ಪೋಸ್ಟರು ನೋಡಿ ಯಾವುದಕ್ಕೆ ಹೋಗುವುದು ಅಂತ ನೀನೇ ಆರಿಸು. ಮೊದಲನೆಯದಕ್ಕೆ ನಾನೂ ಬರುತ್ತೇನೆ, ಎರಡನೆಯದಕ್ಕೆ ನೀನೊಬ್ಬಳೇ ಹೋಗಬೇಕು. ಬರುವಾಗ ಪೆಟ್ಟಿಗೆಯಲ್ಲಿ ಜಾಗವಿದ್ದರೆ ಅರ್ಧ ಕೆಜಿ ಕಾಫಿಪುಡಿ ತಾ, ಚಿಕೋರಿ ಹಾಕದ್ದು. ನನಗಲ್ಲ, ಆ ನರೆಗೂದಲಿನವರಿಗೆ.