ಚಕ್ರ ತಿರುಗುತ್ತಿಲ್ಲ, ಎಂಜಿನ್ ಆಟಿಕೆಯ ಹಾಗೆ ಕಾಣುತ್ತೆ

ಪ್ರಶ್ನೆ: ಲಂಡನ್ನಿನಿಂದ ಬಂದ ಚಿಕ್ಕಪ್ಪ ‘ಈವ್ನಿಂಗ್ ಸ್ಟಾರ್’ ಉಗಿ ಎಂಜಿನ್ನಿನ ಪ್ಲಾಸ್ಟಿಕ್ ಕಿಟ್ ಕೊಟ್ಟರು. 1:76 ಅಳತೆಯದು. ಅಂಟಿಸಿ ಮುಗಿಸಿದ್ದೇನೆ. ಆದರೆ ಚಕ್ರ ತಿರುಗುತ್ತಿಲ್ಲ. ಹಸಿರು ಬಣ್ಣ ಬಳಿದರೂ ಜಾತ್ರೆ ಆಟಿಕೆಯ ಹಾಗೆ ಕಾಣುತ್ತದೆ. ಏನು ಮಾಡಲಿ ಸರ್?
— ಪಿಯುಸಿ ವಿದ್ಯಾರ್ಥಿ, ಮೈಸೂರು

ಉತ್ತರ: ಒಳ್ಳೆಯ ಎಂಜಿನ್ನೇ ಸಿಕ್ಕಿದೆ ನಿಮಗೆ. ಬ್ರಿಟಿಷ್ ರೈಲ್ವೇಸ್‌ಗೆ ಕಟ್ಟಿದ ಕೊನೆಯ ಉಗಿ ಎಂಜಿನ್ ಅದು. 1960ರ ಮಾರ್ಚ್‌ನಲ್ಲಿ ಸ್ವಿಂಡನ್ ಕಾರ್ಖಾನೆಯಲ್ಲಿ ಅದಕ್ಕೆ ಹೆಸರಿಟ್ಟರು. ಆ ಜಾತಿಯ 251 ಎಂಜಿನ್‌ಗಳಲ್ಲಿ ಉಳಿದ 250 ಕಪ್ಪಗಿದ್ದರೆ ಇದೊಂದಕ್ಕೆ ಮಾತ್ರ ಹಸಿರು ಬಣ್ಣ, ಚಿಮಣಿಗೆ ತಾಮ್ರದ ಅಂಚು.

ಮೊದಲು ಚಕ್ರದ ವಿಷಯ. ಒಂದೊಂದು ಪಕ್ಕಕ್ಕೂ ಐದು ದೊಡ್ಡ ಚಕ್ರ, ಅವನ್ನು ಜೋಡಿಸುವ ಸೈಡ್ ರಾಡ್. ಚಕ್ರಕ್ಕೆ ರಾಡನ್ನು ಹಿಡಿಸುವ ಪಿನ್ ಐದರಲ್ಲೂ ಒಂದೇ ಕೋನದಲ್ಲಿ ಇರಬೇಕು. ಒಂದು ಕೂದಲೆಳೆಯಷ್ಟು ತಪ್ಪಿದರೂ ಎಲ್ಲವೂ ಹಿಡಿದುಕೊಳ್ಳುತ್ತವೆ. ಎಡಕ್ಕೂ ಬಲಕ್ಕೂ ಮಾತ್ರ ಕಾಲು ಸುತ್ತಿನ ವ್ಯತ್ಯಾಸ ಇರಬೇಕು. ನಿಮ್ಮದರಲ್ಲಿ ಪಿನ್ನಿಗೆ ಅಂಟು ಇಳಿದಿರುವ ಸಾಧ್ಯತೆಯೇ ಜಾಸ್ತಿ. ಈ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಎಳೆದರೆ ಮುರಿಯುತ್ತದೆ, ಎಳೆಯಬೇಡಿ. ಹೊಸ ಬ್ಲೇಡಿನಲ್ಲಿ ಪಿನ್ನಿನ ತಲೆ ಕತ್ತರಿಸಿ ರಾಡ್ ಬಿಡಿಸಿ. ಅದೇ ಜಾಗದಲ್ಲಿ ಸಣ್ಣ ತೂತು ಕೊರೆದು ಹಿತ್ತಾಳೆ ಗುಂಡುಸೂಜಿ ಕೂರಿಸಿ. ರಾಡಿನ ತೂತಿಗೆ ಚೂರು ವ್ಯಾಸಲೀನ್ ಸವರಿದ್ದರೆ ಅಂಟು ಒಳಗೆ ಹೋಗುವುದಿಲ್ಲ.

ಇನ್ನು ಬಣ್ಣ. ಹಸಿರಿನದೇನೂ ತಪ್ಪಿಲ್ಲ, ಎಲ್ಲ ಕಡೆ ಒಂದೇ ಹೊಳಪು ಇರುವುದೇ ತೊಂದರೆ. ನಮ್ಮಪ್ಪ ಮೀಟರ್‌ಗೇಜ್ ಕಾಲದಲ್ಲಿ ಮೈಸೂರು–ಅರಸೀಕೆರೆ ಗಾಡಿಗೆ ಫೈರ್‌ಮನ್, ಅಂದರೆ ಎಂಜಿನ್ ಒಲೆಗೆ ಕಲ್ಲಿದ್ದಲು ಹಾಕುವವರು, ಆಗಿದ್ದರು. ಊಟದ ಕ್ಯಾರಿಯರ್ ಹಿಡಿದು ನಾನು ಶೆಡ್ಡಿಗೆ ಹೋಗುತ್ತಿದ್ದೆ. ಮುಂದಿನ ಸ್ಮೋಕ್‌ಬಾಕ್ಸ್, ಅಂದರೆ ಚಿಮಣಿ ಕೆಳಗಿನ ಹೊಗೆ ಪೆಟ್ಟಿಗೆ, ಕಾವಿಗೆ ಬಣ್ಣ ಸುಟ್ಟು ಬೂದಿಗಪ್ಪು ಆಗಿರುತ್ತಿತ್ತು. ಬಾಯ್ಲರ್ ನೀರು ಸೋರಿದ ಕಡೆ ಸುಣ್ಣದ ಬಿಳಿ ಗೆರೆ. ರಾಡುಗಳು ಬೆಳ್ಳಿಯ ಹಾಗೆ ಹೊಳೆಯುತ್ತಿರಲಿಲ್ಲ. ಎಣ್ಣೆ, ಧೂಳು ಸೇರಿ ಕಾಫಿ ಡಿಕಾಕ್ಷನ್ ಬಣ್ಣ ಬಂದಿರುತ್ತಿತ್ತು. ಪ್ರತಿಯೊಂದು ಕಲೆಗೂ ಒಂದು ಕಾರಣ ಇತ್ತು. ಹಾಗಾಗಿ ಸುಮ್ನೆ ಎಲ್ಲ ಕಡೆ ಕಂದು ಬಣ್ಣ ಎರಚಬೇಡಿ. ಮೊದಲು ಹೊಳಪಿಲ್ಲದ ವಾರ್ನಿಷ್ ಹೊಡೆಯಿರಿ. ಆಮೇಲೆ ನೀರು ಎಲ್ಲಿ ಸೋರುತ್ತೆ, ಮಸಿ ಎಲ್ಲಿ ಕೂರುತ್ತೆ ಅಂತ ಯೋಚಿಸಿ ತೆಳುವಾಗಿ ಸವರಿ. ನಿಮ್ಮೂರಲ್ಲೇ ರೈಲು ಮ್ಯೂಸಿಯಂ ಇದೆ. ಒಂದು ಬೆಳಗ್ಗೆ ಹೋಗಿ, ರಿವೆಟ್ಟು, ಪೈಪು, ಕೈಕಂಬಿಗಳನ್ನು ಹತ್ತಿರದಿಂದ ನೋಡಿ.

ಕೈಕಂಬಿ ಅಂದೆನಲ್ಲ, ಪ್ಲಾಸ್ಟಿಕ್ಕಿನದು ದಪ್ಪ ಅನ್ನಿಸಿದರೆ ತೆಗೆದು 0.45 ಮಿ.ಮೀ. ಹಿತ್ತಾಳೆ ತಂತಿ ಹಾಕಿ. ನಿಜದ ಲೆಕ್ಕದಲ್ಲಿ ಅದು ಸುಮಾರು 34 ಮಿ.ಮೀ. ದಪ್ಪದ ಕಂಬಿ. ಕೈ ಮುಷ್ಟಿಗೆ ಸರಿಯಾಗಿ ಸಿಗುತ್ತದೆ. ಈ ಒಂದು ಬದಲಾವಣೆಗೇ ಎಂಜಿನ್ನಿನ ಮುಖ ಬೇರೆಯಾಗುತ್ತದೆ.

ಎಂಜಿನ್ ಹಿಂದೆ ಕಲ್ಲಿದ್ದಲು, ನೀರು ತುಂಬುವ ಟೆಂಡರಿಗೆ ನಿಜವಾದ ಕಲ್ಲಿದ್ದಲೇ ಹಾಕಿ. ಒಂದು ತುಂಡನ್ನು ಬಟ್ಟೆಯಲ್ಲಿ ಸುತ್ತಿ ಕುಟ್ಟಿ, ಟೀ ಜರಡಿಯಲ್ಲಿ ಪುಡಿ ಉದುರಿಸಿ, ಉಳಿದ ಚೂರನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಕೂರಿಸಿ. 2 ಮಿ.ಮೀ.ಗಿಂತ ದೊಡ್ಡ ಚೂರು ಬೇಡ. ಈ ಅಳತೆಯಲ್ಲಿ 2 ಮಿ.ಮೀ. ಅಂದರೆ ನಿಜದಲ್ಲಿ 15 ಸೆಂ.ಮೀ. ಅದಕ್ಕಿಂತ ದೊಡ್ಡ ಗಟ್ಟಿ ಬಂದರೆ ಅಪ್ಪ ಸಲಿಕೆ ಪಕ್ಕಕ್ಕಿಟ್ಟು, ಸುತ್ತಿಗೆಯಲ್ಲಿ ಒಡೆದೇ ಒಲೆಗೆ ಹಾಕುತ್ತಿದ್ದರು.